ಎತ್ತಿನ ಎಂಜಿನ್, ಕುದುರೆ ಎಂಜಿನ್

ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಂಥ ಊರಿನಲ್ಲಿ ದುಡಿಯುವ ಗಾಡಿ ಎಂದರೆ ಡೀಸೆಲ್ ಗಾಡಿ. ಬೈಕು, ಸ್ಕೂಟರುಗಳು ಪೆಟ್ರೋಲ್ ಕುಡಿಯುತ್ತವೆ, ಅವು ಓಡಾಟಕ್ಕೆ. ಆದರೆ ಗೊಬ್ಬರದ ಚೀಲ, ಸಿಮೆಂಟು, ಭತ್ತ, ಗೋವಿನಜೋಳ, ಮಾವಿನಕಾಯಿಯ ಕ್ರೇಟುಗಳನ್ನು ಹೊರುವ ಟಂಟಂ, ಪಿಕಪ್, ಟ್ರ್ಯಾಕ್ಟರು, ಲಾರಿಗಳ ಹೊಟ್ಟೆಗೆ ಡೀಸೆಲ್ಲೇ ಬೀಳಬೇಕು. ಇದನ್ನು ಯಾರೂ ಯಾರಿಗೂ ಕಲಿಸಿಕೊಟ್ಟದ್ದಲ್ಲ. ಎತ್ತಿಗೆ ಹುಲ್ಲು ಎಂಬಷ್ಟೇ ಸಹಜವಾಗಿ ಎರಡು ತಲೆಮಾರು ಇದನ್ನು ನಂಬಿಕೊಂಡು ಬಂದಿವೆ.

ಈ ನಂಬಿಕೆ 2025ರಲ್ಲಿ ಆ ಊರಿನ ಒಂದು ಮನೆಯಲ್ಲಿ ಚರ್ಚೆಗೆ ಬಂತು. ಮನೆಯ ಯಜಮಾನರು 2010ರಲ್ಲಿ ಸಾಲ ಮಾಡಿ ಒಂದು ಡೀಸೆಲ್ ಪಿಕಪ್ ಕೊಂಡವರು. ಆ ಗಾಡಿ ಸಾಲ ತೀರಿಸಿತು, ಮನೆಗೆ ಸ್ಲ್ಯಾಬ್ ಹಾಕಿಸಿತು, ಹಿರಿಯ ಮಗಳ ಮದುವೆ ಮಾಡಿತು. ಈಗ ಅದಕ್ಕೆ 15 ವರ್ಷ ತುಂಬಿತು. ಇಷ್ಟು ಹಳೆಯ ವಾಣಿಜ್ಯ ವಾಹನಗಳ ಫಿಟ್‌ನೆಸ್ ಪರೀಕ್ಷೆಯ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲಿನಿಂದಲೇ ಹಲವು ಪಟ್ಟು ಏರಿಸಿದೆ. ಶುಲ್ಕ ಕಟ್ಟಬಹುದು, ಆದರೆ ಪರೀಕ್ಷೆಯಲ್ಲಿ ಪಾಸಾಗಲು ಎಂಜಿನ್ ಬಿಚ್ಚಿಸಬೇಕು, ಚಾಸಿ ಬೆಸುಗೆ ಹಾಕಿಸಬೇಕು. ಹೊಸದನ್ನೇ ಕೊಳ್ಳುವುದು ಮೇಲು ಎಂದು ಮೆಕ್ಯಾನಿಕ್ ಹೇಳಿದ. ಮುಂಗಡಕ್ಕೆ ಬೇಕಾದ ಹಣ ಒಂದು ಪಾಸ್‌ಬುಕ್ಕಿನಲ್ಲಿತ್ತು. ಅದು ಎರಡನೇ ಪಿಯುಸಿ ವಿಜ್ಞಾನ ಓದುತ್ತಿದ್ದ ಕಿರಿಯ ಮಗಳ ಮುಂದಿನ ಓದಿಗೆಂದು ಕೂಡಿಟ್ಟದ್ದು.

ಹೀಗಾಗಿ ಯಾವ ಗಾಡಿ ಎಂಬ ಪ್ರಶ್ನೆಯಲ್ಲಿ ಆ ಹುಡುಗಿಗೂ ಪಾಲಿತ್ತು. ಅವಳು ಕೇಳಿದ್ದು ಒಂದೇ ಮಾತು: “ಅಪ್ಪಾ, ಡೀಸಲ್ಲೇ ಯಾಕ ಬೇಕು?”

ಅವರು ನಕ್ಕರು. “ಯವ್ವಾ, ಡೀಸಲ್ ಅಂದ್ರ ಎತ್ತು, ಪೆಟ್ರೋಲ್ ಅಂದ್ರ ಕುದುರಿ. ಕುದುರಿ ಜೋರ್ ಓಡತೈತಿ ಖರೆ, ಕೆಸರಾಗ ಸಿಕ್ಕ ಚಕ್ಕಡಿ ಎಳ್ಯಾಕ ಎತ್ತ ಬೇಕು.”

ಈ ಹೋಲಿಕೆ ಪಠ್ಯಪುಸ್ತಕದಲ್ಲಿ ಇಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲ ಮಕ್ಕಳೂ ಮುಟ್ಟಿ ನೋಡಿರುತ್ತಾರೆ. ಗಾಳಿಯನ್ನು ಥಟ್ಟನೆ ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಗುಟ್ಟೆಲ್ಲ ಇಷ್ಟೆ. ಸಿಲಿಂಡರಿನೊಳಗೆ ಬರೀ ಗಾಳಿಯನ್ನು ಎಳೆದುಕೊಂಡು, ಅದನ್ನು ಹದಿನಾರರಿಂದ ಇಪ್ಪತ್ತನೆಯ ಒಂದು ಪಾಲಿಗೆ ಇಳಿಯುವಂತೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕೆಂಡದಂಥ ಗಾಳಿಗೆ ಎಣ್ಣೆ ಚಿಮುಕಿಸಿದರೆ ಸಾಕು, ಕಿಡಿ ಬೇಕಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ ಹಾಗಲ್ಲ. ಅದರಲ್ಲಿ ಗಾಳಿ, ಇಂಧನ ಮೊದಲೇ ಬೆರೆತಿರುತ್ತವೆ. ಒತ್ತುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಹೊತ್ತಿಸಲು ಸ್ಪಾರ್ಕ್ ಪ್ಲಗ್ ಬೇಕು. ಇನ್ನೂ ಹೆಚ್ಚು ಒತ್ತಿದರೆ ಕಿಡಿಗೆ ಮುಂಚೆಯೇ ಮಿಶ್ರಣ ಸಿಡಿದು ಎಂಜಿನ್ ಟಕಟಕ ಬಡಿದುಕೊಳ್ಳುತ್ತದೆ.

ಹೆಚ್ಚು ಒತ್ತಿದ ಗಾಳಿ ಹೆಚ್ಚು ಬಲವಾಗಿ ಪಿಸ್ಟನ್ನನ್ನು ತಳ್ಳುತ್ತದೆ. ಅದೇ ಕಾರಣಕ್ಕೆ ಡೀಸೆಲ್ ಎಂಜಿನ್ ಇಂಧನದ ಶಾಖದಲ್ಲಿ ಹೆಚ್ಚಿನ ಪಾಲನ್ನು ಕೆಲಸವಾಗಿ ಪರಿವರ್ತಿಸುತ್ತದೆ. ಜೊತೆಗೆ ಒಂದು ಲೀಟರ್ ಡೀಸೆಲ್ಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಶೇಕಡ 10ರಷ್ಟು ಹೆಚ್ಚು ಶಾಖ ಅಡಗಿದೆ. ಡೀಸೆಲ್ ನಿಧಾನವಾಗಿ ಉರಿಯುವುದರಿಂದ ಎಂಜಿನ್ ಬಹಳ ವೇಗವಾಗಿ ತಿರುಗಲಾರದು, ಆದರೆ ನಿಧಾನಕ್ಕೆ ತಿರುಗುವಾಗಲೇ ಪೂರ್ತಿ ಎಳೆತ ಕೊಡುತ್ತದೆ. ಪೆಟ್ರೋಲ್ ಎಂಜಿನ್ನಿನಿಂದ ಅಷ್ಟೇ ಕೆಲಸ ತೆಗೆಯಬೇಕಾದರೆ ಗೇರ್ ಇಳಿಸಿ, ಎಕ್ಸಲೇಟರ್ ಒತ್ತಿ, ಅದನ್ನು ಜೋರಾಗಿ ತಿರುಗಿಸಬೇಕು. ಎತ್ತು ಮತ್ತು ಕುದುರೆ ಎಂಬ ಮಾತು ಹೀಗೆ ಭೌತಶಾಸ್ತ್ರಕ್ಕೆ ಸರಿಯಾಗಿಯೇ ಹೊಂದುತ್ತದೆ. ಸಿರ್ಸಿ ದಾಟಿ ದೇವಿಮನೆ ಘಟ್ಟವನ್ನು ಕುಮಟಾ ಕಡೆಯಿಂದ ಹೊರೆ ಸಮೇತ ಹತ್ತಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೆ ಡೀಸೆಲ್ ಗಾಡಿಯ ಈ ಪಟ್ಟ ಹುಟ್ಟಿನಿಂದ ಬಂದದ್ದಲ್ಲ. ನಮ್ಮ ದೇಶದ ಮೊದಮೊದಲ ಬಸ್ಸು ಲಾರಿಗಳು ಹೆಚ್ಚಾಗಿ ಅಮೆರಿಕದ ಷೆವ್ರೊಲೆ, ಫೋರ್ಡ್, ಡಾಜ್‌ಗಳು, ಓಡುತ್ತಿದ್ದುದು ಪೆಟ್ರೋಲಿನಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ವಶವಾದಾಗ ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತುಹೋಯಿತು. ಪೆಟ್ರೋಲಿಗೆ ರೇಷನ್ ಇತ್ತು. ಆಗ ಬಸ್ಸಿನ ಹಿಂಭಾಗಕ್ಕೆ ಒಂದು ದೊಡ್ಡ ತಗಡಿನ ಒಲೆ ಅಂಟಿಕೊಂಡಿತು. ಅದರಲ್ಲಿ ಇದ್ದಿಲು ತುಂಬಿ, ಗಾಳಿ ಕಡಿಮೆ ಕೊಟ್ಟು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಅನಿಲ ಬರುತ್ತಿತ್ತು. ಅದನ್ನು ಸೋಸಿ ಪೆಟ್ರೋಲ್ ಎಂಜಿನ್ನಿಗೇ ಉಣಿಸುತ್ತಿದ್ದರು. ಕ್ಲೀನರ್ ಹುಡುಗ ಹೊತ್ತಿಗೆ ಮುಂಚೆ ಎದ್ದು ಒಲೆ ಹೊತ್ತಿಸಿ, ಕೈಯಿಂದ ಗಾಳಿಯಂತ್ರ ತಿರುಗಿಸಿ, ಅನಿಲ ಹದಕ್ಕೆ ಬಂದ ಮೇಲೆ ಬಸ್ಸು ಹೊರಡುತ್ತಿತ್ತು. ಎಂಜಿನ್ನಿನ ಶಕ್ತಿಯಲ್ಲಿ ಮೂರರಲ್ಲೊಂದು ಪಾಲಾದರೂ ಸೋರಿಹೋಗುತ್ತಿತ್ತು. ದಿಬ್ಬ ಬಂದರೆ ಟಿಕೇಟು ಕೊಂಡವರೇ ಇಳಿದು ತಳ್ಳಬೇಕು. ಬದಲಿ ಇಂಧನ ಎಂಬುದು ಈಚಿನ ಮಾತೆಂದು ತಿಳಿದವರು ಮನೆಯ ತೀರಾ ಹಿರಿಯರನ್ನು ಒಮ್ಮೆ ಕೇಳಿ ನೋಡಬೇಕು. ಇದ್ದಿಲು ಬಸ್ಸಿನ ಕಥೆಯನ್ನು ತಮ್ಮ ತಂದೆ ತಾಯಿಯಿಂದಾದರೂ ಅವರು ಕೇಳಿರುತ್ತಾರೆ.

ಯುದ್ಧ ಮುಗಿದ ಮೇಲೆ ಡೀಸೆಲ್ಲಿನ ಕಾಲ ಬಂತು. 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಲಾರಿಗಳು ಹೊರಬಿದ್ದವು. ಮದರಾಸಿನ ಸಿಂಪ್ಸನ್ ಕಂಪನಿ ತಯಾರಿಸಿದ ಪರ್ಕಿನ್ಸ್ ಪಿ6 ಎಂಜಿನ್ನುಗಳು ಎಷ್ಟೋ ಹಳೆಯ ಪೆಟ್ರೋಲ್ ಲಾರಿಗಳ ಹೊಟ್ಟೆ ಸೇರಿದವು. ಹೊರಗೆ ಅಮೆರಿಕದ ಮೂತಿ, ಒಳಗೆ ಡೀಸೆಲ್ ಹೃದಯ. 1973ರ ತೈಲ ಬಿಕ್ಕಟ್ಟಿನ ನಂತರ ಅಂಬಾಸಿಡರ್ ಕಾರು, ಜೀಪುಗಳಿಗೂ ಇದೇ ಗತಿ. ಗ್ಯಾರೇಜುಗಳಲ್ಲಿ ಪೆಟ್ರೋಲ್ ಎಂಜಿನ್ ಕೆಳಗಿಳಿಸಿ ಡೀಸೆಲ್ ಏರಿಸುವುದೇ ಒಂದು ಕಸುಬಾಯಿತು.

ಎಳೆತದ ಬಲದಷ್ಟೇ ಬೆಲೆಯೂ ಇದಕ್ಕೆ ಕಾರಣ. ರೈತನ ಪಂಪು, ಟ್ರ್ಯಾಕ್ಟರು, ಸರಕಿನ ಲಾರಿ, ಬಸ್ಸು ಎಲ್ಲ ಡೀಸೆಲ್ಲಿನ ಮೇಲೆ ನಿಂತದ್ದರಿಂದ ಸರ್ಕಾರ ಅದರ ಬೆಲೆಯನ್ನು ಕೈಹಿಡಿದು ಕೆಳಗಿಟ್ಟಿತ್ತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದಾಗ ಡೀಸೆಲ್ ಇನ್ನೂ 41ರ ಒಳಗಿತ್ತು. ಇಷ್ಟು ಅಂತರವಿದ್ದಾಗ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. 2013ರ ಜನವರಿಯಿಂದ ಡೀಸೆಲ್ ಬೆಲೆ ಸ್ವಲ್ಪ ಸ್ವಲ್ಪವೇ ಏರತೊಡಗಿತು. 2014ರ ಅಕ್ಟೋಬರಿನಲ್ಲಿ ಸರ್ಕಾರ ನಿಯಂತ್ರಣವನ್ನೇ ಬಿಟ್ಟುಕೊಟ್ಟಿತು. 2020ರ ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ಬೆಲೆ ಪೆಟ್ರೋಲನ್ನೂ ದಾಟಿತು. ಕರ್ನಾಟಕದಲ್ಲಿ ಹಾಗಾಗಲಿಲ್ಲವಾದರೂ ಅಂತರ ಕಿರಿದಾಯಿತು. 2025ರ ಏಪ್ರಿಲಿನಲ್ಲಿ ರಾಜ್ಯವು ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿದ ಮೇಲೆ ಬೆಂಗಳೂರಿನ ದರ ಪೆಟ್ರೋಲಿಗೆ ಸುಮಾರು 103, ಡೀಸೆಲ್ಲಿಗೆ ಸುಮಾರು 91 ರೂಪಾಯಿ.

ಮಗಳು ಲೆಕ್ಕ ಶುರು ಮಾಡಿದ್ದು ಇಲ್ಲಿಂದ. ಒಂದೇ ಗಾತ್ರದ ಎರಡು ಗಾಡಿ, ಡೀಸೆಲ್ಲಿನದು ಲೀಟರಿಗೆ 15 ಕಿಲೊಮೀಟರ್, ಪೆಟ್ರೋಲಿನದು 12 ಎಂದು ಹಿಡಿದಳು. ಕಿಲೊಮೀಟರಿಗೆ ಡೀಸೆಲ್ ಖರ್ಚು 6 ರೂಪಾಯಿ ಚಿಲ್ಲರೆ, ಪೆಟ್ರೋಲ್ ಖರ್ಚು ಎಂಟೂವರೆ. ವರ್ಷಕ್ಕೆ 12 ಸಾವಿರ ಕಿಲೊಮೀಟರ್ ಓಡಿದರೆ ಡೀಸೆಲ್ಲಿಗೆ 30 ಸಾವಿರ ರೂಪಾಯಿ ಉಳಿತಾಯ.

“ನೋಡು, ನಾ ಹೇಳಿದ್ದ ಖರೆ ಆತು,” ಎಂದರು ತಂದೆ.

“ತಡಿ ಅಪ್ಪಾ. ನಿನ್ನ ಗಾಡಿ ಖರೇನ ಎಷ್ಟು ಓಡತೈತಿ, ಎಷ್ಟು ಹೊರತೈತಿ ಅನ್ನೂದು ಯಾರಿಗೆ ಗೊತ್ತೈತಿ?”

ಅದು ಅವರಿಗೂ ಗೊತ್ತಿರಲಿಲ್ಲ. 15 ವರ್ಷ ಒಂದೇ ಗಾಡಿ ಓಡಿಸಿದವರ ನೆನಪಿನಲ್ಲಿ ಉಳಿಯುವುದು ಘಟ್ಟ ಹತ್ತಿದ ದಿನ, ಮಳೆಯಲ್ಲಿ ಸಿಕ್ಕಿಬಿದ್ದ ದಿನ, ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಇಳಿಸಲು ರಾತ್ರಿಯೆಲ್ಲ ಕಾಯ್ದ ದಿನ. ಗೊಬ್ಬರದ ಅಂಗಡಿಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಹೋದ ನೂರಾರು ದಿನಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಳು ಹಳೆಯ ನೋಟುಪುಸ್ತಕವೊಂದನ್ನು ಗಾಡಿಯ ಡ್ಯಾಶ್‌ಬೋರ್ಡಿನ ಮೇಲಿಟ್ಟಳು. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು, ಪ್ರತಿ ಬಾಡಿಗೆಗೆ ಒಂದು ಸಾಲು: ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೊಮೀಟರ್, ಏನು ಹೊರೆ.

ಇತ್ತ ಪುಸ್ತಕ ತುಂಬುತ್ತಿದ್ದಾಗ ಅತ್ತ ಊರಿನವರ ಸಲಹೆಗಳೂ ತುಂಬಿದವು. ಸಿಎನ್‌ಜಿ ಕೊಳ್ಳಿ ಎಂದರು ಕೆಲವರು. ಅದು ನೆಲದಡಿಯ ಅನಿಲವನ್ನೇ ವಾತಾವರಣದ ಒತ್ತಡದ 200 ಪಟ್ಟು ಒತ್ತಿ ಸಿಲಿಂಡರಿಗೆ ತುಂಬಿದ್ದು. ಪೆಟ್ರೋಲ್ ಎಂಜಿನ್ನಿನಲ್ಲೇ ಉರಿಯುತ್ತದೆ, ಹೊಗೆ ಕಡಿಮೆ, ಖರ್ಚೂ ಕಡಿಮೆ. ದಾಭೋಲ್‌ನಿಂದ ಬೆಂಗಳೂರಿಗೆ ಅನಿಲದ ಕೊಳವೆ ಬಂದದ್ದು 2013ರಲ್ಲಿ. ಆದರೆ ಕೊಳವೆ ಬಂದ ಕೂಡಲೇ ಊರೂರಿಗೆ ಪಂಪು ಬರುವುದಿಲ್ಲ. “ಗ್ಯಾಸ್ ತುಂಬಸಾಕ ಹೈವೇಕ್ಕ ಹೋಗಿ ಸರದಿ ನಿಂತು ಬರೂದ್ರಾಗ ಒಂದು ಬಾಡಿಗಿ ಹೋಗತೈತಿ” ಎಂದು ಯಜಮಾನರು ಅದನ್ನು ಬದಿಗಿಟ್ಟರು.

ವಿದ್ಯುತ್ ಗಾಡಿಯ ಮಾತೂ ಬಂತು. ಟಾಟಾ ಕಂಪನಿ ತನ್ನ ಏಸ್ ಗಾಡಿಯ ವಿದ್ಯುತ್ ರೂಪವನ್ನು 2022ರಲ್ಲಿ ಹೊರತಂದಾಗ ಹೇಳಿದ ಲೆಕ್ಕ: ಒಮ್ಮೆ ಚಾರ್ಜ್ ಮಾಡಿದರೆ 154 ಕಿಲೊಮೀಟರ್, ಹೊರೆ 600 ಕಿಲೊ. ವಿದ್ಯುತ್ ಮೋಟರಿಗೆ ಎಳೆತದ ಕೊರತೆಯೇ ಇಲ್ಲ. ನಿಂತಲ್ಲಿಂದಲೇ ಪೂರ್ತಿ ಬಲ. ಎತ್ತು, ಕುದುರೆ ಎರಡನ್ನೂ ಅದು ಮೀರಿಸುತ್ತದೆ. ಆದರೆ ಕೊಳ್ಳುವಾಗಿನ ಬೆಲೆ ಜೇಬನ್ನೂ ಮೀರಿಸುತ್ತದೆ. ಇದ್ದ ಪಾಸ್‌ಬುಕ್ ಒಂದೇ ಆದ್ದರಿಂದ ಅದೂ ಬದಿಗೆ ಸರಿಯಿತು.

ಹೊಂಗೆ ಎಣ್ಣೆಯ ನೆನಪು ಮಾಡಿದ್ದು ಮನೆಗೆ ಬಂದಿದ್ದ ಒಬ್ಬ ಮೇಷ್ಟ್ರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲಿ ಹೊಂಗೆ ಎಣ್ಣೆಯಿಂದ ಹಳ್ಳಿಯಲ್ಲಿ ಡೀಸೆಲ್ ಜನರೇಟರು ಓಡಿಸಿ ತೋರಿಸಿದ್ದರು. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೂ ಆಯಿತು. ಇದು ಡೀಸೆಲ್ ಎಂಜಿನ್ನಿಗೆ ಅಪರಿಚಿತ ಆಹಾರವೇನಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿತ್ತು. ನೋಡುವವರಿಗೆ ವ್ಯತ್ಯಾಸವೇ ತಿಳಿಯಲಿಲ್ಲವೆಂದು ರುಡಾಲ್ಫ್ ಡೀಸೆಲ್ ತಾನೇ ಮುಂದೆ ಹೇಳಿಕೊಂಡ. (1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದವನೂ ಇವನೇ.) ಆದರೆ ಹೊಂಗೆ ಎಣ್ಣೆ ದಪ್ಪ. ಹಳೆಯ ಕಾಲದ ಒರಟು ಜನರೇಟರು ಅದನ್ನು ಜೀರ್ಣಿಸಿಕೊಂಡೀತು. ಈಗಿನ ಎಂಜಿನ್ನುಗಳ ಕೂದಲೆಳೆಯಷ್ಟು ಸಣ್ಣ ರಂಧ್ರದ ನಾಜಲ್ಲಿಗೆ ಅದನ್ನು ರಾಸಾಯನಿಕವಾಗಿ ತೆಳುಮಾಡಿಯೇ ಕೊಡಬೇಕು. ಬೀಜ ಆರಿಸುವ ಕೂಲಿ ಬೇರೆ.

ಈಗಿನ ಎಂಜಿನ್ನುಗಳು ನಾಜೂಕಾದದ್ದು ಸುಮ್ಮನೆ ಅಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ನಿಯಮ ಬಂತು. ಡೀಸೆಲ್ಲಿನಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿಯಿತು. ಡೀಸೆಲ್ ಹೊಗೆಯಲ್ಲಿನ ಮಸಿ ಶ್ವಾಸಕೋಶಕ್ಕೆ ಇಳಿಯುವಷ್ಟು ಸೂಕ್ಷ್ಮವಾದದ್ದು. ಅದನ್ನು ಹಿಡಿಯಲು ಹೊಗೆಕೊಳವೆಯಲ್ಲಿ ಜೇನುಗೂಡಿನಂಥ ಒಂದು ಜಾಲರಿ ಇಟ್ಟರು. ದೊಡ್ಡ ಎಂಜಿನ್ನುಗಳಿಗೆ ಯೂರಿಯಾ ದ್ರಾವಣದ ಪ್ರತ್ಯೇಕ ಟ್ಯಾಂಕನ್ನೂ ಕೂಡಿಸಿದರು. ಒಳ್ಳೆಯದೇ ಆಯಿತು, ಗಾಡಿಯ ಹಿಂದೆ ಬೈಕಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ. ಆದರೆ ಇದರ ಖರ್ಚು ದೊಡ್ಡ ಲಾರಿಗೆ ತಡೆದೀತು, ಸಣ್ಣ ಗಾಡಿಗೆ ಭಾರ. ಮಾರುತಿ ಕಂಪನಿ 2016ರಲ್ಲಿ ತಂದ ಸಣ್ಣ ಸರಕು ಗಾಡಿ ಸೂಪರ್ ಕ್ಯಾರಿಯಲ್ಲಿ ಮೊದಲು ಡೀಸೆಲ್ ಎಂಜಿನ್ ಇತ್ತು. ಬಿಎಸ್6 ಬಂದ ಮೇಲೆ ಉಳಿದದ್ದು ಪೆಟ್ರೋಲ್ ಮತ್ತು ಸಿಎನ್‌ಜಿ ಮಾತ್ರ. 2005ರಲ್ಲಿ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನಿನಿಂದಲೇ ಮನೆಮಾತಾದ ಟಾಟಾ ಏಸ್‌ಗೂ 2020ರಲ್ಲಿ ಪೆಟ್ರೋಲ್ ಎಂಜಿನ್ ಬಂತು.

ಅಮೆರಿಕದಲ್ಲೂ ಇದೇ ಕಥೆ, ಅಳತೆ ಮಾತ್ರ ರಾಕ್ಷಸನದು. ಅಲ್ಲಿನ ಭಾರೀ ಪಿಕಪ್‌ಗಳಿಗೆ ಡೀಸೆಲ್ ಎಂಜಿನ್ ಬೇಕೆಂದರೆ ಹತ್ತಿರ ಹತ್ತಿರ 10 ಸಾವಿರ ಡಾಲರ್ ಹೆಚ್ಚು ತೆರಬೇಕು. ಹಾಗಾಗಿ ಫೋರ್ಡ್ ಕಂಪನಿ 2020ರ ಮಾದರಿಯ ತನ್ನ ಭಾರೀ ಪಿಕಪ್‌ಗೆ 7.3 ಲೀಟರಿನ, ಎಂಟು ಸಿಲಿಂಡರಿನ ಒಂದು ಪೆಟ್ರೋಲ್ ಎಂಜಿನ್ ತಂದಿತು. ಒತ್ತಡದಿಂದ ಸಿಗದ ಎಳೆತವನ್ನು ಗಾತ್ರದಿಂದ ತೆಗೆಯುವ ಉಪಾಯ. ಎಣ್ಣೆ ಹೆಚ್ಚು ಕುಡಿಯುತ್ತದೆ, ಆದರೆ ಕೊಳ್ಳುವಾಗ ಅಗ್ಗ, ರಿಪೇರಿಗೆ ಸುಲಭ. ವರ್ಷವಿಡೀ ದೂರ ದೂರ ಭಾರ ಎಳೆಯುವವರು ಅಲ್ಲಿ ಇನ್ನೂ ಡೀಸೆಲ್ಲನ್ನೇ ಕೊಳ್ಳುತ್ತಾರೆ.

ಆ ಜಾಲರಿಯ ವಿಷಯಕ್ಕೆ ಮತ್ತೊಮ್ಮೆ ಬರಬೇಕು, ಏಕೆಂದರೆ ತಂದೆಯ ಮನಸ್ಸು ಅಲುಗಾಡಿದ್ದು ಅದರಿಂದ. ಜಾಲರಿಯಲ್ಲಿ ಕೂತ ಮಸಿ ತಾನಾಗಿ ಸುಟ್ಟುಹೋಗಬೇಕಾದರೆ ಹೊಗೆಕೊಳವೆ ಚೆನ್ನಾಗಿ ಕಾಯಬೇಕು. ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ಸಮ ಓಡಿದರೆ ಕಾಯುತ್ತದೆ. ಎರಡು ಕಿಲೊಮೀಟರ್ ಹೋಗಿ ನಿಲ್ಲಿಸಿ, ಮತ್ತೆ ಮೂರು ಕಿಲೊಮೀಟರ್ ಹೋಗುವ ಗಾಡಿಯಲ್ಲಿ ಅದು ಅರೆಬರೆ ಕಾದು ಮಸಿ ಕಟ್ಟಿಕೊಳ್ಳುತ್ತಲೇ ಹೋಗುತ್ತದೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ, ಎಂಜಿನ್ ತನ್ನ ಬಲವನ್ನು ತಾನೇ ಇಳಿಸಿಕೊಳ್ಳುತ್ತದೆ. ಪಕ್ಕದ ಓಣಿಯವರ ಹೊಸ ಡೀಸೆಲ್ ಪಿಕಪ್ ಹೀಗೆ ಎರಡು ಸಲ ಸರ್ವಿಸ್ ಸೆಂಟರ್ ಕಂಡಿತ್ತು. ಊರ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, “ಇದಕ್ಕ ಪಾನಾ ಅಲ್ಲ, ಕಂಪ್ಯೂಟರ್ ಬೇಕ್ರಿ” ಎಂದು ಮುಚ್ಚಿದ್ದ.

ಆಗಸ್ಟ್ ಮುಗಿದಾಗ ನೋಟುಪುಸ್ತಕ ತೆರೆಯಿತು. ಗಾಡಿ ಹೊರಟ ದಿನಗಳು 71. ಅದರಲ್ಲಿ 58 ದಿನ ಓಟ 40 ಕಿಲೊಮೀಟರಿನೊಳಗೆ. ಹೊರೆ ಒಂದು ಟನ್ ದಾಟಿದ್ದು 9 ದಿನ. ಘಟ್ಟ ಹತ್ತಿದ್ದು ಎರಡೇ ಸಲ.

“ಯವ್ವಾ, ಇದು ಮಳಿಗಾಲ. ಸುಗ್ಗಿ ಬರಲಿ, ಮಾವಿನ ಹಣ್ಣಿನ ಸೀಜನ್ ಬರಲಿ, ಆವಾಗ ನೋಡು,” ಎಂದರು ಅವರು. ಅದು ನಿಜವೂ ಹೌದು. ಮೂರು ತಿಂಗಳ ಪುಸ್ತಕ ವರ್ಷದ ಕಥೆ ಹೇಳುವುದಿಲ್ಲ. ಮಗಳು ವಾದಿಸಲಿಲ್ಲ. ಸೀಜನ್ನಿನ ಓಟವನ್ನು ಅವರ ಬಾಯಿಂದಲೇ ಹೇಳಿಸಿ ಸೇರಿಸಿದಳು. ಆಗಲೂ ವರ್ಷದ ಮೊತ್ತ 12 ಸಾವಿರ ಕಿಲೊಮೀಟರ್ ದಾಟಲಿಲ್ಲ.

ಮತ್ತೆ ಲೆಕ್ಕ. ಈ ಸಲ ಒಂದೇ ಗಾತ್ರದ ಗಾಡಿಗಳದ್ದಲ್ಲ. ಒಂದೂವರೆ ಟನ್ ಹೊರುವ ಡೀಸೆಲ್ ಪಿಕಪ್ ಲೀಟರಿಗೆ 12 ಕಿಲೊಮೀಟರ್ ಕೊಟ್ಟರೆ ಕಿಲೊಮೀಟರಿಗೆ 7 ರೂಪಾಯಿ 58 ಪೈಸೆ. ಮುಕ್ಕಾಲು ಟನ್ ಹೊರುವ ಪೆಟ್ರೋಲ್ ಗಾಡಿ 14 ಕೊಟ್ಟರೆ 7 ರೂಪಾಯಿ 36 ಪೈಸೆ. ಎಣ್ಣೆಯ ಖರ್ಚು ಸರಿಸುಮಾರು ಸಮ. ಕೊಳ್ಳುವ ಬೆಲೆಯಲ್ಲಿ ವ್ಯತ್ಯಾಸ 4 ಲಕ್ಷ ಎಂದು ಹಿಡಿದು, ಅದನ್ನು ಶೇಕಡ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 8,500 ರೂಪಾಯಿ ಕಂತು. ವರ್ಷಕ್ಕೆ ಲಕ್ಷದ ಮೇಲೆ. ಟನ್ನು ದಾಟಿದ ಆ ಕೆಲವು ದಿನಗಳ ಬಾಡಿಗೆ ಇಷ್ಟು ತರುತ್ತದೆಯೇ? ತಂದೆ ಬಹಳ ಹೊತ್ತು ಪುಸ್ತಕ ನೋಡುತ್ತ ಕುಳಿತರು. ಡೀಸೆಲ್ ಎಂದರೆ ಉಳಿತಾಯ ಎಂದು ನಂಬಿ, ಅವರು ಇಷ್ಟು ದಿನ ಅರ್ಧ ಖಾಲಿ ಗಾಡಿಯನ್ನು ಓಡಿಸಿಕೊಂಡು ಬಂದಿದ್ದರು.

ಆ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಆಯುಧ ಪೂಜೆಯ ಹೊತ್ತಿಗೆ ಮನೆ ಮುಂದೆ ಪೆಟ್ರೋಲಿನ ಸಣ್ಣ ಗಾಡಿ ನಿಂತಿತ್ತು, ಬಂಪರಿಗೆ ಚೆಂಡುಹೂವಿನ ಹಾರ. ಪಾಸ್‌ಬುಕ್ಕಿನ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಮೊದಲ ವಾರ ಅವರಿಗೆ ಗೇರಿನದೇ ಕಷ್ಟ. ಡೀಸೆಲ್ ಅಭ್ಯಾಸದಂತೆ ಮೂರನೇ ಗೇರಿನಲ್ಲಿ ಏರು ಹತ್ತಲು ಹೋದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತಿತ್ತು. ಎರಡಕ್ಕೆ ಇಳಿಸಿ, ಕೂಗಲು ಬಿಟ್ಟರೆ ಹತ್ತುತ್ತಿತ್ತು. ಎಂಜಿನ್ ಹಾಗೆ ಕೂಗುವುದನ್ನು ಕೇಳಿ ಅವರ ಹೊಟ್ಟೆ ಉರಿಯುತ್ತಿತ್ತು.

ನವೆಂಬರಿನಲ್ಲಿ ಗೋವಿನಜೋಳ ಬಂತು. ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಪೇಟೆಯ ದರ ಅದಕ್ಕಿಂತ ಬಹಳ ಕೆಳಗೆ. ಹಾವೇರಿ ಜಿಲ್ಲೆಯಲ್ಲೂ ರೈತರು ಬೀದಿಗಿಳಿದರು. ಎಥೆನಾಲ್ ಕಾರ್ಖಾನೆಗಳು ಹೆಚ್ಚು ಕೊಳ್ಳಲಿ ಎಂಬುದು ಬೇಡಿಕೆಗಳಲ್ಲೊಂದು. ಒಂದು ಕ್ವಿಂಟಲ್ ಜೋಳದಿಂದ 37-38 ಲೀಟರ್ ಎಥೆನಾಲ್ ತೆಗೆಯಬಹುದು. 2023ರ ಫೆಬ್ರುವರಿಯಲ್ಲಿ ಪಂಪುಗಳಿಗೆ ಬರತೊಡಗಿದ ಶೇಕಡ 20ರ ಮಿಶ್ರಣದ ಪೆಟ್ರೋಲಿಗೆ ಅದು ಹೋಗುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿನ ಶಾಖ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಕಡಿಮೆಯಾದ್ದರಿಂದ ಮೈಲೇಜು ಅಷ್ಟಿಷ್ಟು ಇಳಿಯುತ್ತದೆ. ಮಗಳು 14 ಎಂದು ಬರೆದದ್ದು ಮೊದಲ ತಿಂಗಳು ಹದಿಮೂರೂವರೆಯಾಗಿತ್ತು. ಅವಳು ಹೊಸ ಅಂಕಿ ಬರೆದು ಹಳೆಯದನ್ನು ಹೊಡೆದುಹಾಕಿದಳು.

ಘಟ್ಟದ ಬಾಡಿಗೆ, ಟನ್ ಮೀರಿದ ಬಾಡಿಗೆ ಬಂದರೆ ಈಗ ಅವರು ಪಕ್ಕದ ಓಣಿಯ ಡೀಸೆಲ್ ಪಿಕಪ್ಪಿನವರಿಗೆ ಫೋನ್ ಹಚ್ಚುತ್ತಾರೆ. ಅವರು ಊರೊಳಗಿನ ಗೊಬ್ಬರ, ಸಿಮೆಂಟಿನ ಸಣ್ಣ ಬಾಡಿಗೆಗಳನ್ನು ಇವರಿಗೆ ಬಿಟ್ಟುಕೊಡುತ್ತಾರೆ. ಅವರ ಗಾಡಿಯಲ್ಲಿ ಆ ದೀಪ ಹೊತ್ತುವುದು ಕಡಿಮೆಯಾಗಿದೆಯಂತೆ.